ಮೂರನೆಯ ಕುಲುಮೆ, ಶೇಡಬಾಳದ ಒಲೆ

ಶೇಡಬಾಳಕ್ಕೆ ಬಂದ ಮೊದಲನೆಯ ಸಂಜೆ ನಾನು ಸೀಮೆಎಣ್ಣೆಯ ಸ್ಟೋವನ್ನು ಹೊತ್ತಿಸಿ, ಅಕ್ಕಿ ತೊಳೆದು, ಪಾತ್ರೆಯಿಟ್ಟು, ಇನ್ನೇನು ನೀರು ಮರಳಬೇಕು ಎನ್ನುವಾಗ ಮನೆಯೊಡತಿ ಬಾಗಿಲಿಗೆ ಬಂದು ನಿಂತರು. ಎಪ್ಪತ್ತು ದಾಟಿದ ಹೆಂಗಸು. ಬಿಳಿಯ ಸೀರೆ, ಕೈಯಲ್ಲಿ ತಾಮ್ರದ ತಂಬಿಗೆ. ಹೊಸ್ತಿಲು ದಾಟಲಿಲ್ಲ. ಸ್ಟೋವಿನ ಕಡೆಗೊಮ್ಮೆ, ಪಡುವಣದ ಕಡೆಗೊಮ್ಮೆ ನೋಡಿ ಹೇಳಿದರು:

"ಹೊತ್ತ ಮುಣಗಾಕ ಬಂತ್ರಿ ಅಕ್ಕೋರ. ಒಲಿ ಆರಸ್ರಿ."

ಈ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆಂಬುದೂ ನನಗೆ ಆಗ ತಿಳಿದಿರಲಿಲ್ಲ. "ಇನ್ನೂ ಅನ್ನ ಬೆಂದಿಲ್ಲವಲ್ಲ" ಎಂದೆ.

"ಅನ್ನ ನಾಳೆ ಬೇಯತೈತಿ. ಹುಳ ಇವತ್ತ ಸಾಯತಾವ."

ನಾನು ಇಪ್ಪತ್ತಾರು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಆ ಸಂಜೆ ನನ್ನನ್ನೇ ಯಾರೋ ಬೆಂಚಿನ ಮೇಲೆ ನಿಲ್ಲಿಸಿದಂತಾಯಿತು. ಸ್ಟೋವನ್ನು ಆರಿಸಿದೆ. ಬೇಯದ ಅಕ್ಕಿಯನ್ನು ನೋಡುತ್ತ ನಾನೂ ನಮ್ಮ ಯಜಮಾನರೂ ನೀರು ಕುಡಿದು ಮಲಗಿದೆವು. ಮರುದಿನ ಬೆಳಗಾಗುತ್ತಲೇ ಅದೇ ಹೆಂಗಸು ಬಿಸಿ ಭಕ್ಕರಿ, ಎಣ್ಣೆ ಹಾಕಿದ ಶೇಂಗಾಚಟ್ನಿ, ಗಡಿಗೆಯ ಮೊಸರು ತಂದಿಟ್ಟು, ನಾವು ಉಂಡು ಮುಗಿಸುವವರೆಗೂ ಬಾಗಿಲ ಬಳಿಯೇ ಕುಳಿತಿದ್ದರು. ಅವರ ಹೆಸರು ಚಂದ್ರಾಬಾಯಿ. ಮನೆಯವರಿಗೂ ಓಣಿಯವರಿಗೂ ಅವರು ಆಯಿ. ನನಗೂ ಆಯಿಯೇ ಆದರು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಈ ಸಂಚಿಕೆ, ನಮ್ಮ ಊರನ್ನು ಕಂಡೇ ಇರದ ನಿಮ್ಮ ಮಕ್ಕಳ ಕೈಗೂ ಹೋಗುತ್ತದೆ. ಆದುದರಿಂದ ನಿಮಗೆ ಗೊತ್ತಿರುವುದನ್ನೂ ಕೊಂಚ ಹೇಳಬೇಕಾಗಿದೆ, ಸಹಿಸಿಕೊಳ್ಳಿ.

ನಮ್ಮದು ಉಕ್ಕಿನ ಊರು. ಅಲ್ಲಿ ಒಲೆಗೆ ಹೊತ್ತೆಂಬುದಿರಲಿಲ್ಲ, ಪಾಳಿಯಿತ್ತು. ದಿನಕ್ಕೆ ಮೂರು ಬಾರಿ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಅದನ್ನು ಕೇಳಿ ಹಾಲು ಕಾಯಿಸುತ್ತಿದ್ದೆವು, ಅದನ್ನು ಕೇಳಿ ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದೆವು. ಕರಗಿದ ಲೋಹದ ಮೇಲೆ ತೇಲುವ ಕಿಟ್ಟವನ್ನು ಹೊಳೆಯಾಚೆಯ ದಿಬ್ಬದಲ್ಲಿ ಸುರಿದಾಗ ಅರ್ಧ ಆಕಾಶ ಕೆಂಪಾಗುತ್ತಿತ್ತು. ಆ ಬೆಳಕಿನಲ್ಲಿ ನಾನು ಅಂಗಳದ ಕಟ್ಟೆಯ ಮೇಲೆ ಕುಳಿತು ನಿಮ್ಮ ಪ್ರಬಂಧಗಳನ್ನು ತಿದ್ದಿದ್ದುಂಟು. ಕಾರ್ಖಾನೆಯಲ್ಲಿ ಮೂರು ದೊಡ್ಡ ಕುಲುಮೆಗಳಿದ್ದುವು. ನಮ್ಮ ಯಜಮಾನರು ಮೂರನೆಯ ಕುಲುಮೆಯಲ್ಲಿ ಉಕ್ಕು ಕರಗಿಸುವ ಹಿರಿಯ ಮೆಲ್ಟರ್. ನಿಮ್ಮಲ್ಲಿ ಅನೇಕರಿಗೆ ಅವರು 'ಮೂರನೆಯ ಕುಲುಮೆಯ ಕೃಷ್ಣಪ್ಪ' ಎಂದರೇ ಗೊತ್ತು. ಕಣ್ಣು ಕೋರೈಸುವ ಆ ಜ್ವಾಲೆಯನ್ನು ನೋಡಲು ಮರದ ಚೌಕಟ್ಟಿನ ನೀಲಿ ಗಾಜೊಂದು ಅವರ ಬಳಿ ಇತ್ತು. ಆ ಗಾಜು ಮನೆಗೆ ಬರುತ್ತಿರಲಿಲ್ಲ. ಪಾಳಿ ಮುಗಿದೊಡನೆ ಕುಲುಮೆಯ ಪಕ್ಕದ ಮೊಳೆಗೆ ಅದನ್ನು ತೂಗುಹಾಕಿ ಬರುವುದು ಅಲ್ಲಿಯ ಎಲ್ಲ ಮೆಲ್ಟರುಗಳ ರೂಢಿ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮೊದಲನೆಯ ಕುಲುಮೆ ನಿಂತಿತು, ಬಳಿಕ ಎರಡನೆಯದು. ಕುಲುಮೆಗಳು ಹಳೆಯವು ಎಂದರು, ವಿದ್ಯುತ್ತು ಸಾಲದು ಎಂದರು, ಬೇರೆಡೆಯ ಹೊಸ ಕಾರ್ಖಾನೆಗಳ ಉಕ್ಕು ಅಗ್ಗ ಎಂದರು. ಕಾರಣಗಳೆಲ್ಲ ನಿಜವೇ ಇದ್ದಿರಬಹುದು. ಕಡೆಗೆ ಮೂರನೆಯದೂ ನಿಂತಿತು. ಕುಲುಮೆಯ ಮೇಲ್ಛಾವಣಿಯ ರಿಪೇರಿ, ಎಂಟು ದಿನ, ಎಂದು ಎಲ್ಲರಿಗೂ ಹೇಳಲಾಗಿತ್ತು. ಎಂಟು ದಿನ ಎಂಟು ತಿಂಗಳಾಯಿತು. ಆ ನಡುವೆ ನಮ್ಮ ಶಾಲೆಯೂ ಮುಚ್ಚಿತು. ಕುಲುಮೆಯವರ ಮುಂದೆ ಎರಡೇ ದಾರಿಗಳಿದ್ದುವು: ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆಂದು ಬರೆದುಕೊಟ್ಟು ಕ್ವಾರ್ಟರ್ಸಿನ ಬೀಗದ ಕೈಯನ್ನು ಒಪ್ಪಿಸುವುದು, ಇಲ್ಲವೇ ಕುಲುಮೆ ಮತ್ತೆ ಹೊತ್ತೀತೆಂದು ಕಾಯುವುದು. ಒಬ್ಬೊಬ್ಬರಾಗಿ ಎಲ್ಲರೂ ಬೀಗದ ಕೈ ಒಪ್ಪಿಸಿದರು. ನಮ್ಮವರು ಒಪ್ಪಿಸಲಿಲ್ಲ. ಯಾಕೆಂದು ಕೇಳಿದರೆ, "ಹೊತ್ತಿಸುವ ದಿನ ನಾನು ಅಲ್ಲಿರಬೇಕು" ಎಂದಷ್ಟೇ ಹೇಳುತ್ತಿದ್ದರು.

ಆ ಸಮಯದಲ್ಲಿ ಶೇಡಬಾಳದಿಂದ ಅಪ್ಪಾಸಾಹೇಬರ ಪತ್ರ ಬಂತು. ಅವರು ಆಯಿಯ ಮಗ. ಹಿಂದೆ ಹನ್ನೆರಡು ವರ್ಷ ನಮ್ಮ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ತಂದೆ ತೀರಿಕೊಂಡ ಮೇಲೆ ಹೊಲ ನೋಡಿಕೊಳ್ಳಲು ಊರಿಗೆ ಮರಳಿದವರು. ತಮ್ಮ ಕಬ್ಬಿನ ಗಾಣದ ಒಲೆ ಬೆಂಕಿಯನ್ನು ನುಂಗುತ್ತದೆ, ಕಾವನ್ನು ಕೊಡುವುದಿಲ್ಲ. ಉಸ್ತಾದರು, ಎಂದರೆ ನಮ್ಮ ಯಜಮಾನರು, ಒಂದು ಹಂಗಾಮಿಗೆ ಬಂದು ನೋಡಬೇಕು ಎಂದು ಬರೆದಿದ್ದರು. ನಮಗೆ ಮಕ್ಕಳಿಲ್ಲ, ಯಾರನ್ನೂ ಕೇಳಬೇಕಾಗಿರಲಿಲ್ಲ. "ಒಂದೇ ಹಂಗಾಮು" ಎಂದು ಯಜಮಾನರು ಒಪ್ಪಿದರು. ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಕ್ವಾರ್ಟರ್ಸಿನ ಬೀಗದ ಕೈಯನ್ನು ಇಟ್ಟರು. ಅದರ ಪಕ್ಕದಲ್ಲಿ ನೀಲಿ ಗಾಜೂ ಇತ್ತು. ಅದು ಮನೆಗೆ ಬಂದದ್ದು ಯಾವಾಗ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ಈ ಸೀಮೆಗೆ ಬಂದ ಹೊಸತರಲ್ಲಿ ನಾನು ಒಂದು ನೋಟುಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ 'ಸರಿ', ಬಲಕ್ಕೆ 'ತಪ್ಪು' ಎಂದು ಬರೆದುಕೊಂಡೆ. ಎಡಕ್ಕೆ ಕೋಣೆ, ಬಲಕ್ಕೆ ಖೋಲಿ. ಎಡಕ್ಕೆ ಅತ್ತಿಗೆ, ಬಲಕ್ಕೆ ವೈನಿ. ಎಡಕ್ಕೆ 'ಬರುತ್ತಿದ್ದಾನೆ', ಬಲಕ್ಕೆ 'ಬರಾಕತ್ತಾನ'. ಕಾಗವಾಡದ ಪೇಟೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ನಾನು ಕಷ್ಟಪಟ್ಟು ಮರಾಠಿಯ ಎರಡು ಮಾತು ಜೋಡಿಸಿದರೆ ಅಂಗಡಿಯವನು, "ಕನ್ನಡದಾಗ ಹೇಳ್ರಿ ಬಾಯಾರ, ನಿಮ್ಮ ಮರಾಠಿ ಕೇಳಿದ್ರ ಮಿರಜಿಯವ್ರು ಅಳತಾರ" ಎನ್ನುವನು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಲಗಡೆಯ ಅಂಕಣ ತುಂಬಿ ಮುಂದಿನ ಪುಟಕ್ಕೆ ಹೋಯಿತು. ಒಂದು ಮಧ್ಯಾಹ್ನ ಆ ಪುಸ್ತಕವನ್ನು ತೆರೆದು 'ಸರಿ' ಎಂಬುದನ್ನು ಹೊಡೆದುಹಾಕಿ 'ಅಲ್ಲಿ' ಎಂದು ಬರೆದೆ. 'ತಪ್ಪು' ಎಂಬುದನ್ನು ಹೊಡೆದುಹಾಕಿ 'ಇಲ್ಲಿ' ಎಂದು ಬರೆದೆ. ನನ್ನ ಕೈಯಲ್ಲಿ ಏಟು ತಿಂದವರು ಇದನ್ನು ಓದಿ ನಗಬಹುದು. ನಗಿ.

ಅಲ್ಲಿ ನಲ್ಲಿ ತಿರುಗಿಸಿದರೆ ನೀರು. ಇಲ್ಲಿ ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು. ಅಷ್ಟೇ ಅಲ್ಲ, ಆ ಬಟ್ಟೆಯನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಮೆಲ್ಲನೆ ಅದ್ದಿ ತೊಳೆಯಬೇಕು. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವ ತನ್ನ ನೀರಿಗೇ ಹಿಂದಿರುಗಬೇಕು ಎಂಬುದು ಈ ಜೈನ ಮನೆಯವರ ನಡೆ. "ಹುಳಕ್ಕೂ ತನ್ನ ಊರ ಐತ್ರಿ" ಎಂದು ಆಯಿ ಹೇಳಿದಾಗ ನಾನು ಮುಖ ತಿರುಗಿಸಿ ಹಗ್ಗ ಸುತ್ತತೊಡಗಿದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಆ ಮನೆಯೊಳಗೆ ಬರುವಂತಿರಲಿಲ್ಲ. ಸೂರ್ಯ ಮುಳುಗುವ ಮುನ್ನ ಊಟ. ಮುಳುಗಿದ ಮೇಲೆ ಬೆಂಕಿ ಇಲ್ಲ. ಎರಡನೆಯ ಪಾಳಿ ಮುಗಿಸಿ ಬಂದವರಿಗೆ ಮೂವತ್ತು ವರ್ಷ ಬಿಸಿ ಸಾರು ಬಡಿಸಿದ ನನಗೆ, ಬೆಳಕಿರುವಾಗಲೇ ಪಾತ್ರೆ ತೊಳೆದಿಟ್ಟು ಕೈಕಟ್ಟಿ ಕೂರುವ ಆ ಉದ್ದನೆಯ ಸಂಜೆಗಳಷ್ಟು ಒಂಟಿಯಾದುದು ಇನ್ನೊಂದಿರಲಿಲ್ಲ.

ಸಣ್ಣ ಗೆಲವುಗಳೂ ಇದ್ದುವು. ಆಯಿಗೆ ಮನೆಮಾತು ಕನ್ನಡ. ಆದರೆ ಓದುವುದು ಮರಾಠಿ ಧರ್ಮಗ್ರಂಥಗಳನ್ನು ಮಾತ್ರ. ಕನ್ನಡದ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಮಧ್ಯಾಹ್ನಗಳಲ್ಲಿ ನಾನು ಸ್ಲೇಟು ಹಿಡಿದು ಕೂರತೊಡಗಿದೆ. "ಈ ವಯಸ್ಸಿನಾಗ ನನ್ನ ಬಡೀಬ್ಯಾಡ್ರಿ ಮತ್ತ" ಎಂದು ಮೊದಲೇ ಕರಾರು ಮಾಡಿಕೊಂಡರು. ದೀಪಾವಳಿಯ ಹೊತ್ತಿಗೆ ತಮ್ಮ ಹೆಸರನ್ನು ಬರೆದು, ಸ್ಲೇಟನ್ನು ದೂರ ಹಿಡಿದು ನೋಡಿ, "ಇಷ್ಟ ದಿನಾ ಇಕಿ ಎಲ್ಲಿದ್ಲು" ಎಂದರು.

ಇನ್ನು ಗಾಣ. ಅದು ಮನೆಯಿಂದ ಹತ್ತು ನಿಮಿಷದ ದಾರಿ, ಕಬ್ಬಿನ ಹೊಲದ ಅಂಚಿನಲ್ಲಿ. ಯಂತ್ರ ಕಬ್ಬನ್ನು ಹಿಂಡುತ್ತದೆ. ರಸ ದೊಡ್ಡ ಕೊಪ್ಪರಿಗೆಗೆ ಬೀಳುತ್ತದೆ. ಕೊಪ್ಪರಿಗೆಯ ಕೆಳಗೆ ನೆಲದಲ್ಲಿ ತೋಡಿ ಕಟ್ಟಿದ ಒಲೆಗೆ ಇಲ್ಲಿ ಚುಲವಾಣ ಎನ್ನುತ್ತಾರೆ. ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಅದಕ್ಕೆ ಉರುವಲು. ಪಾಕದ ಹದ ನೋಡುವವನು ಗುಳವ್ಯಾ. ಈ ಗಾಣದ ಗುಳವ್ಯಾ ಗಡಿಯಾಚೆಯ ತುಕಾರಾಮ ಎಂಬ ನಡುವಯಸ್ಸಿನವನು. ಬಾಯಲ್ಲಿ ಸದಾ ನಿಪ್ಪಾಣಿಯ ತಂಬಾಕು, ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ.

ನಮ್ಮವರು ಮಳೆಗಾಲದ ಕೊನೆಯಲ್ಲಿ ಆ ಚುಲವಾಣವನ್ನು ಕಿತ್ತು ಹೊಸದಾಗಿ ಕಟ್ಟಿದರು. ಬೆಂಕಿಯ ಗಂಟಲನ್ನು ಕಿರಿದು ಮಾಡಿದರು, ಗಾಳಿ ಹೊಗುವ ಕಂಡಿಯನ್ನು ತಗ್ಗಿಸಿದರು, ಹೊಗೆಯ ಕೊಳವೆಯನ್ನು ಎತ್ತರಿಸಿದರು. ಹಂಗಾಮು ಆರಂಭವಾದ ದಿನ ಮೊದಲ ಕೊಪ್ಪರಿಗೆ ಕುದಿಯುವಾಗ ಟ್ರಂಕಿನಿಂದ ನೀಲಿ ಗಾಜನ್ನು ತಂದು ಒಲೆಯ ಬಾಯಿಗೆ ಹಿಡಿದು ನೋಡಿದರು. ತುಕಾರಾಮ ಕೊಪ್ಪರಿಗೆಯ ಮೇಲಿನ ಕೊಳೆನೊರೆ ತೆಗೆಯುವುದನ್ನು ನಿಲ್ಲಿಸಿದ.

"ಸಾಹೇಬ್ರ, ಬೆಲ್ಲ ನೋಡಾಕ ಚಸ್ಮಾ ಬೇಕೇನ್ರಿ?"

"ಬೆಲ್ಲ ನೀನು ನೋಡು. ಬೆಂಕಿ ನಾನು ನೋಡ್ತೀನಿ."

"ನೋಡ್ರಿ, ನೋಡ್ರಿ. ಬೆಂಕಿ ನಿಮ್ಮನ್ನ ನೋಡಿ ನಾಚಗೊಂಡ್ರ ನನ್ನ ಪಾಕ ಕೆಡತೈತಿ."

ಮೊದಲೆರಡು ಪಾಕ ಕೆಟ್ಟಿತು ಕೂಡ. ಉಕ್ಕಿನವರಿಗೆ ಕಾವನ್ನು ಏರಿಸುವುದು ಗೊತ್ತು, ಇಳಿಸುವುದು ಗೊತ್ತಿರಲಿಲ್ಲ. ರಸ ಪಾಕಕ್ಕೆ ಬರುವ ಹೊತ್ತಿಗೆ ಬೆಂಕಿಯನ್ನು ಹಿಂದಕ್ಕೆಳೆಯಬೇಕು. ಇವರು ಇನ್ನೊಂದು ಹೊರೆ ಸಿಪ್ಪೆ ನೂಕಿದರು. ಬೆಲ್ಲದ ಪೆಂಟಿ ಕಪ್ಪಾಗಿ ಬಂತು. "ಇದನ್ನ ತಿನ್ನಾಕ ಬರೂದಿಲ್ರಿ, ಇದರಿಂದ ಗಾಡಿ ಗಾಲಿಗೆ ಹಳಿ ಬಡೀಬೇಕು" ಎಂದ ತುಕಾರಾಮ. ಆದರೆ ಮೂರನೆಯ ದಿನದಿಂದ ಇಬ್ಬರಿಗೂ ಹದ ಕೂಡಿತು. ಮೊದಲು ಎರಡು ಹೊರೆ ಸಿಪ್ಪೆ ಬೇಡುತ್ತಿದ್ದ ಒಲೆ ಒಂದರಲ್ಲೇ ಉರಿಯಿತು. ಅಕ್ಕಪಕ್ಕದ ಗಾಣದವರು ಬಂದು ಬಗ್ಗಿ ನೋಡಿಹೋದರು. ಇವರ ಮುಖದಲ್ಲಿ ಬಹುಕಾಲದಿಂದ ಕಾಣದ ಒಂದು ಬೆಳಕನ್ನು ನಾನು ಕಂಡೆ. ಆದರೂ ಪ್ರತಿ ಸಂಜೆ ಅವರು ನೀಲಿ ಗಾಜನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತರುತ್ತಿದ್ದರು. ಟ್ರಂಕಿನ ಉಳಿದ ಸಾಮಾನನ್ನು ಹೊರಗೆ ತೆಗೆಯಲೂ ಬಿಡಲಿಲ್ಲ. "ಕಾರ್ಖಾನೆಯ ಕಾಗದ ಬಂದರೆ ಮತ್ತೆ ತುಂಬಬೇಕಲ್ಲ" ಎನ್ನುತ್ತಿದ್ದರು.

ಬೇರೆ ಗಾಣಗಳು ಹಗಲಿರುಳು ನಡೆಯುತ್ತವೆ. ಈ ಗಾಣ ಮಾತ್ರ ಆಯಿಯ ನೇಮದಂತೆ ಸಂಜೆಗೆ ನಿಲ್ಲುತ್ತಿತ್ತು. ಬೆಳಕು ಕಂಡು ಬರುವ ಹುಳುಹುಪ್ಪಟೆ ಬೆಂಕಿಗೆ ಬೀಳಬಾರದು. ಆದುದರಿಂದ ಹೊತ್ತು ಮುಳುಗುವ ಮುನ್ನ ಚುಲವಾಣವನ್ನು ಪೂರ್ತಿ ಆರಿಸಿ ಬಾಯಿ ಮುಚ್ಚಬೇಕು. ಅದು ನಮ್ಮವರ ಕೆಲಸವಾಗಿತ್ತು. ಅವರು ಬಾಯಿ ಮುಚ್ಚುತ್ತಿದ್ದರು; ಆರಿಸುತ್ತಿರಲಿಲ್ಲ. ಒಳಗೆ ಕೆಂಡವನ್ನು ಗುಡ್ಡೆಮಾಡಿ, ಬೂದಿ ಹೊದಿಸಿ, ಬೆಳಗಿನವರೆಗೆ ಜೀವ ಉಳಿಸಿ ಬರುತ್ತಿದ್ದರು. ಅದು ಯಾರಿಗೂ ಗೊತ್ತಾಗಿರಲಿಲ್ಲ, ನನಗೂ.

ದೀಪಾವಳಿ ಕಳೆದ ವಾರ ಅಕಾಲದಲ್ಲಿ ಒಂದು ಮಳೆ ಬಿತ್ತು. ಮರುದಿನ ಸಂಜೆ ಎಲ್ಲೆಲ್ಲೂ ರೆಕ್ಕೆಯ ಮಳೆಹುಳು ಎದ್ದುವು. ಊಟದ ಹೊತ್ತು ಮೀರುತ್ತಿದ್ದರೂ ಯಜಮಾನರು ಬರಲಿಲ್ಲ. ಅಪ್ಪಾಸಾಹೇಬರು ಅಥಣಿಗೆ ಹೋಗಿದ್ದರು. ತುಕಾರಾಮ ಆಗಲೇ ಹೊರಟುಹೋಗಿದ್ದ. ಆಯಿ, "ನಡೀರಿ ನೋಡೂಣು" ಎಂದರು. ಇಬ್ಬರೂ ಹೊಲದ ದಾರಿ ಹಿಡಿದೆವು.

ಸೂರ್ಯ ಮುಳುಗಿ ಕೆಂಪು ಮಾತ್ರ ಉಳಿದಿತ್ತು. ಮಳೆಗೆ ಹಸಿಯಾಗಿದ್ದ ಒಲೆಯ ಬಾಯಿಯ ಮಣ್ಣು ಕುಸಿದು ಮುಚ್ಚಳ ಜಾರಿತ್ತು. ಒಳಗಿನ ಕೆಂಡ ಗಾಳಿಗೆ ಹೊತ್ತಿಕೊಂಡು ಉರಿಯುತ್ತಿತ್ತು. ಮಳೆಹುಳುಗಳು ಹಿಂಡುಹಿಂಡಾಗಿ ಬಂದು ಅದರೊಳಗೆ ಬೀಳುತ್ತಿದ್ದುವು. ನಮ್ಮವರು ಮುಂದೆ ಕುಳಿತು ಒಂದು ಹಲಗೆಯಿಂದ ಬಾಯಿಯನ್ನು ಮರೆಮಾಡಲು ಹೆಣಗುತ್ತಿದ್ದರು. ಪಕ್ಕದಲ್ಲೇ ಎರಡು ಕೊಡ ನೀರು ಇತ್ತು. ಅದನ್ನು ಅವರು ಮುಟ್ಟಿರಲಿಲ್ಲ.

ಆಯಿ ಬೈಯುತ್ತಾರೆಂದುಕೊಂಡೆ. ಅವರು ಬೈಯಲಿಲ್ಲ. ಒಲೆಯ ಅಂಚಿನಲ್ಲಿ ಕುಳಿತರು.

"ಯಾಕ ತಮ್ಮಾ, ಆರಸಿಲ್ಲ?"

"ಪೂರ್ತಿ ತಣ್ಣಗಾದರೆ ಇಟ್ಟಿಗೆ ಸೀಳುತ್ತೆ ಅಮ್ಮ."

"ಸೀಳಿದ್ರ ಮಣ್ಣ ಮೆತ್ತೂಣು. ಮಣ್ಣಿಗೇನ ಬರ ಐತೇನು?"

ಇವರು ಹಲಗೆಯನ್ನು ಇನ್ನೊಮ್ಮೆ ಒಲೆಯ ಬಾಯಿಗೆ ಒತ್ತಿದರು. ಬಳಿಕ ಹೇಳಿದರು: "ನಾಳೆ ಹೊತ್ತದೇ ಹೋದರೆ?"

"ಹೊತ್ತದ ಏನ್ ಮಾಡತೈತಿ? ಸಿಪ್ಪಿ ಐತಿ, ಕಡ್ಡಿಪೆಟ್ಟಿಗಿ ಐತಿ, ಹಚ್ಚಾಕ ನೀವ ಅದೀರಿ."

"ಅಲ್ಲೂ ಎಲ್ಲಾ ಇತ್ತು ಅಮ್ಮ."

ಆಯಿ ಅವರ ಮುಖವನ್ನು ನೋಡಿದರು. "ಅಲ್ಲಿ ಯಾರ ಆರಸಿದ್ರು?"

"ನಾನೇ."

ಮೂವತ್ತು ವರ್ಷ ಜೊತೆಗೆ ಬಾಳಿದ ನಾನು ಆ ಮಾತನ್ನು ಆ ದಿನ, ಆ ಪರವೂರಿನ ಹೊಲದಂಚಿನಲ್ಲಿ, ಮೊದಲ ಬಾರಿಗೆ ಕೇಳಿದೆ.

ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ; ಬರೆಯಲು ಅವರೇ ಒಪ್ಪಿದ್ದಾರೆ. ಆ ಬೆಳಿಗ್ಗೆ ಮೇಲಧಿಕಾರಿ ಅವರೊಬ್ಬರನ್ನೇ ಕರೆದಿದ್ದರು. ಈ ಕುಲುಮೆ ಮತ್ತೆ ಹೊತ್ತುವುದು ಅನುಮಾನ ಎಂದು ಹೇಳಿದರು. ಹೊಸದಾಗಿ ಕಟ್ಟಿದಾಗಲೆಲ್ಲ ತೆಂಗಿನಕಾಯಿ ಒಡೆದು ಮೊದಲ ಬೆಂಕಿ ಇಟ್ಟವರು ನೀವು. ಕುಲುಮೆಗೆ ಉರುವಲೆಣ್ಣೆ ಬಿಡುವ ಕವಾಟವನ್ನು ಮುಚ್ಚುವುದನ್ನೂ ಬೇರೆಯವರ ಕೈಯಲ್ಲಿ ಮಾಡಿಸುವುದು ಬೇಡ ಎಂದರು. ಇವರು ಹೋಗಿ ಎಣ್ಣೆಯ ಕವಾಟವನ್ನು ತಿರುಗಿಸಿದರು. ಜೊತೆಯವರು ಸುತ್ತ ನಿಂತು ಏನಾಯಿತೆಂದು ಕೇಳಿದಾಗ, ಬಾಯಿಗೆ ಬಂದದ್ದು ಒಂದೇ ಮಾತು: "ಮೇಲ್ಛಾವಣಿ ರಿಪೇರಿ. ಎಂಟು ದಿನ." ಎಲ್ಲರೂ ಊಟದ ಡಬ್ಬಿ ಎತ್ತಿಕೊಂಡು, ಬಿಟ್ಟಿ ರಜೆ ಸಿಕ್ಕಿತೆಂದು ನಗುತ್ತ ಮನೆಗೆ ಹೋದರು. ಇವರೊಬ್ಬರೇ ಉಳಿದರು. ಕಾವು ಇಳಿಯುತ್ತ ಹೋದಂತೆ ಛಾವಣಿಯ ಇಟ್ಟಿಗೆಗಳು ಒಂದೊಂದಾಗಿ ಸೀಳತೊಡಗಿದುವು. ಆ ಸದ್ದು ಎರಡು ದಿನ ನಿಲ್ಲಲಿಲ್ಲವಂತೆ.

"ಎಂಟು ದಿನ ಅಂದೆ ಅಮ್ಮ. ಅವರು ನಂಬಿದರು. ಆರಿಸಿದವನು ನಾನು, ಹೊತ್ತಿಸುವವರೆಗೂ ನಾನು ಬಿಡಬಾರದು."

ಹುಳುಗಳು ಬೀಳುತ್ತಲೇ ಇದ್ದುವು. ಆಯಿ ಒಂದು ಕೊಡವನ್ನು ಇವರ ಕಡೆಗೆ ಸರಿಸಿದರು. ಇವರು ಬಹಳ ಹೊತ್ತು ಅದನ್ನು ನೋಡಿ, ಎತ್ತಿ, ಸುರಿದರು. ಉಗಿ ಎದ್ದು ಮೂವರ ಮುಖವನ್ನೂ ಮುಚ್ಚಿತು. ಎರಡನೆಯ ಕೊಡವನ್ನು ನಾನು ಸುರಿದೆ. ಒಳಗೆಲ್ಲೋ ಒಂದು ಇಟ್ಟಿಗೆ ಸೀಳಿತು. ಇವರು ಕಣ್ಣು ಮುಚ್ಚಿದರು.

ಹಿಂದಿರುಗುವಾಗ ಆಯಿ, "ನಾಳೆ ನಂದ ಉಪಾಸ" ಎಂದರು.

"ತಪ್ಪು ಮಾಡಿದವನು ನಾನು. ಉಪವಾಸ ನಾನು ಮಾಡ್ತೀನಿ" ಎಂದರು ಇವರು.

"ಗಾಣ ನಂದ ಐತಿ, ಹುಳ ನನ್ನ ಲೆಕ್ಕಕ್ಕ ಬರತಾವ. ನೀವ ಉಂಡ ಬರ್ರಿ. ಮುಂಜಾನೆ ಒಲಿ ಹಚ್ಚೂದೈತಿ. ನೀವ ಆರಸೀರಿ, ನೀವ ಹಚ್ಚರಿ."

ಮರುದಿನ ಒದ್ದೆ ಬೂದಿಯನ್ನು ತೆಗೆದು, ಸೀಳಿದ ಇಟ್ಟಿಗೆಗೆ ಮಣ್ಣು ಮೆತ್ತಿ, ಒಣಗುವವರೆಗೆ ಕಾದು, ನಮ್ಮವರು ಬೆಂಕಿ ಇಟ್ಟರು. ತುಕಾರಾಮನಿಗೆ ಯಾರು ಹೇಳಿದರೋ ತಿಳಿಯದು. ಅವನು ಆ ದಿನ ಒಂದೂ ತಮಾಷೆ ಮಾಡದೆ ತಂಬಾಕು ತಿಕ್ಕುತ್ತ ಪಕ್ಕದಲ್ಲಿ ನಿಂತಿದ್ದ. ಜ್ವಾಲೆ ಗಂಟಲೊಳಗೆ ಹೊಕ್ಕು ಭುಗಿಲೆಂದಾಗ, "ಹತ್ತಿತ್ರಿ" ಎಂದ, ಅಷ್ಟೇ. ಆ ಹಂಗಾಮಿನುದ್ದಕ್ಕೂ ಪ್ರತಿ ಸಂಜೆ ಆರಿಸುವುದು, ಪ್ರತಿ ಬೆಳಿಗ್ಗೆ ಹೊತ್ತಿಸುವುದು ನಡೆಯಿತು. ಮೊದಮೊದಲು ಆರಿಸಿ ಬಂದ ಸಂಜೆ ಅವರು ಊಟವನ್ನೇ ಮುಟ್ಟುತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಉಣ್ಣತೊಡಗಿದರು.

ಬೇಸಿಗೆಯಲ್ಲಿ ಕಾಗದ ಬಂತು. ಅವರು ಕಾಯುತ್ತಿದ್ದ ಕಾಗದವಲ್ಲ. ಮೂರು ಕುಲುಮೆಗಳನ್ನೂ ಕತ್ತರಿಸಿ ಹಳೆಯ ಕಬ್ಬಿಣವಾಗಿ ಸಾಗಿಸಲಾಗುತ್ತಿದೆ. ಕ್ವಾರ್ಟರ್ಸಿನ ಬೀಗದ ಕೈಯನ್ನು ತಿಂಗಳೊಳಗೆ ಒಪ್ಪಿಸಬೇಕು. ನಮ್ಮವರು ಅದನ್ನು ಎರಡು ಬಾರಿ ಓದಿ ನನ್ನ ಕೈಗಿತ್ತರು. "ಹೋಗೋಣ. ಬೀಗದ ಕೈ ಒಪ್ಪಿಸುವ ಮೊದಲು ಮುನಿಯಪ್ಪನಿಗೆ ಹೇಳಬೇಕು" ಎಂದರು.

ಮುನಿಯಪ್ಪ ಮೂರನೆಯ ಕುಲುಮೆಯಲ್ಲಿ ಅವರ ಕೈಕೆಳಗೆ ಇಪ್ಪತ್ತು ವರ್ಷ ನಿಂತವರು. ಈಗ ನಮ್ಮ ಊರಿನ ಬಸ್ ನಿಲ್ದಾಣದ ಬಳಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ನಾವು ಅವರ ಮನೆಯಲ್ಲೇ ಇಳಿದೆವು. ಊರು ಹೇಗಿತ್ತೆಂದು ಅಲ್ಲಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ದಿಬ್ಬದ ಕಿಟ್ಟದ ಮೇಲೆ ಹುಲ್ಲು ಬೆಳೆದಿತ್ತು. ನಮ್ಮ ಕ್ವಾರ್ಟರ್ಸಿನ ನುಗ್ಗೆಮರ ಮಾತ್ರ, ನೋಡುವವರಿಲ್ಲದಿದ್ದರೂ, ಕಾಯಿ ಬಿಟ್ಟು ಬಾಗಿತ್ತು.

ಸಂಜೆ ಜಗಲಿಯ ಮೇಲೆ ಕುಳಿತು ಇವರು ಎಲ್ಲವನ್ನೂ ಹೇಳಿದರು: ಕವಾಟ, ಮೇಲಧಿಕಾರಿಯ ಮಾತು, ಎಂಟು ದಿನ. ಮುನಿಯಪ್ಪ ಸೈಕಲ್ಲಿನ ಚೈನೊಂದನ್ನು ಒರೆಸುತ್ತ ಕೇಳುತ್ತಿದ್ದರು. ಕೇಳಿ ಮುಗಿದ ಮೇಲೂ ಒರೆಸುತ್ತಿದ್ದರು.

"ಗೊತ್ತಿತ್ತು ಕಣಣ್ಣಾ."

"ಏನು ಗೊತ್ತಿತ್ತು?"

"ಎಂಟು ದಿನದ ರಿಪೇರಿಗೆ ಯಾರಾದರೂ ಗಾಜನ್ನ ಮನೆಗೆ ತಗೊಂಡು ಹೋಗ್ತಾರಾ? ಮೂರು ದಿನ ಬಿಟ್ಟು ಹೋಗಿ ನೋಡಿದ್ವಿ. ಮೊಳೆ ಖಾಲಿ ಇತ್ತು. ಎಲ್ಲರಿಗೂ ತಿಳೀತು. ನೀನು ಎಂಟು ದಿನ ಅಂದೆಯಲ್ಲಾ, ಅದನ್ನೇ ಇಟ್ಕೊಂಡ್ವಿ. ಮನೆಯಲ್ಲಿ ಹೆಂಗಸರಿಗೆ ಹೇಳೋಕೆ ನಮಗೂ ಏನಾದರೂ ಬೇಕಿತ್ತು."

ಇವರು ತಲೆ ತಗ್ಗಿಸಿದರು. ಮುನಿಯಪ್ಪ ಚೈನನ್ನು ಕೆಳಗಿಟ್ಟು, ಎಣ್ಣೆಯ ಕೈಯನ್ನು ಇವರ ಬೆನ್ನಿನ ಮೇಲಿಟ್ಟರು. ಇವರ ಬಿಳಿಯ ಅಂಗಿಯ ಮೇಲೆ ಐದು ಬೆರಳೂ ಮೂಡಿದುವು. ಆ ಕಲೆಯನ್ನು ನನ್ನಿಂದ ಇಂದಿಗೂ ತೆಗೆಯಲಾಗಿಲ್ಲ. ತೆಗೆಯಲು ಹೆಚ್ಚು ಪ್ರಯತ್ನವನ್ನೂ ಮಾಡಿಲ್ಲ.

ಅದೇ ಸಂಜೆ ಇನ್ನೊಂದು ಸಣ್ಣ ಘಟನೆ ನಡೆಯಿತು. ಮುನಿಯಪ್ಪನ ಹೆಂಡತಿ ಒಳಗೆ ಸಾರಿಗೆ ಬೇಳೆ ಇಟ್ಟಿದ್ದರು. ಹೊರಗೆ ಬೆಳಕು ಕಂದುವುದನ್ನು ಕಂಡ ನಾನು, ಯೋಚಿಸದೆ, ಎದ್ದುಹೋಗಿ ಅವರ ಸ್ಟೋವನ್ನು ಆರಿಸಿಬಿಟ್ಟೆ. "ಅಯ್ಯೋ ಟೀಚರ್, ಬೇಳೆ ಇನ್ನೂ ಬೆಂದಿಲ್ಲ" ಎಂದು ಆಕೆ ನಕ್ಕರು. "ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಉರಿಸುವುದಿಲ್ಲ" ಎಂದು ನನ್ನ ಬಾಯಿಂದ ಬಂತು. ಬಾಗಿಲಲ್ಲಿ ನಿಂತಿದ್ದ ಯಜಮಾನರು ನನ್ನನ್ನೇ ನೋಡಿದರು. ಆ ಊರಿನಲ್ಲಿ ನಿಂತು 'ನಮ್ಮಲ್ಲಿ' ಎಂದು ಬೇರೊಂದು ಊರನ್ನು ಕುರಿತು ಹೇಳುವ ದಿನ ಬಂದೀತೆಂದು ನಾನು ಎಣಿಸಿರಲಿಲ್ಲ.

ಹಾಗೆಂದು ನಾನು ಶೇಡಬಾಳದವಳಾದೆನೆಂದೂ ಹೇಳಲಾರೆ. ಮರುದಿನ ಕಚೇರಿಯಲ್ಲಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟಾಗ ಒಂದು ಫಾರಂ ಕೊಟ್ಟರು. ಇವರು ಎಂದಿನಂತೆ, ಬರೆಯುವ ಕೆಲಸ ಟೀಚರದ್ದು ಎಂದು ನನ್ನ ಕಡೆಗೆ ತಳ್ಳಿದರು. ಹೆಸರು, ಹುದ್ದೆ, ವಿಭಾಗ ಬರೆದೆ. ಮುಂದಿನದು ಖಾಯಂ ವಿಳಾಸ. ಉತ್ತರ ಬರದಿದ್ದರೂ ಸರಿ, ಜಾಗವನ್ನು ಖಾಲಿ ಬಿಡಬಾರದು ಎಂದು ನಿಮಗೆಲ್ಲ ಕಲಿಸಿದವಳು ನಾನು; ಖಾಲಿ ಬಿಟ್ಟವರ ಅಂಕಗಳನ್ನು ಕಳೆದವಳು. ಶೇಡಬಾಳದಲ್ಲಿ ನೆಲೆ ನಿಲ್ಲಬೇಕೆಂದು ಸಂಕ್ರಾಂತಿಯಿಂದ ಇವರ ಬೆನ್ನು ಬಿದ್ದವಳೂ ನಾನೇ. ಆದರೆ ಕೈ ಏಳಲಿಲ್ಲ. ಗುಮಾಸ್ತರು, "ಏನಾದರೂ ಒಂದು ಬರೀರಿ ಮೇಡಂ" ಎಂದರು. ಇವರು ನನ್ನ ಕೈಯಿಂದ ಪೆನ್ನನ್ನು ತೆಗೆದುಕೊಂಡು, ತಮ್ಮ ದಪ್ಪ ಅಕ್ಷರದಲ್ಲಿ, ಅಥಣಿ ತಾಲ್ಲೂಕು, ಶೇಡಬಾಳ ಎಂದು ಬರೆದರು.

ಆ ವರ್ಷದ ಹಂಗಾಮು ಆರಂಭವಾದ ದಿನ ಇವರು ಚುಲವಾಣದ ಪಕ್ಕದ ಕಂಬಕ್ಕೆ ಒಂದು ಮೊಳೆ ಹೊಡೆದರು. ಸಂಜೆ ಬೆಂಕಿಯನ್ನು ಆರಿಸಿ ಬರಿಗೈಯಲ್ಲಿ ಮನೆಗೆ ಬಂದರು. "ಗಾಜು?" ಎಂದೆ. "ಅಲ್ಲೇ ಇದೆ. ನಾಳೆ ಬೇಕಲ್ಲ" ಎಂದರು. ಟ್ರಂಕನ್ನು ನಾನು ಅಂದು ಪೂರ್ತಿ ಬಿಚ್ಚಿದೆ.

ಈಗ ಇಲ್ಲಿ ನಾಲ್ಕನೆಯ ಹಂಗಾಮು. ಆಯಿ ಕನ್ನಡದ ದಿನಪತ್ರಿಕೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೆ. ನಮ್ಮ ಊರಿನ ಹೆಸರು ಬಂದರೆ, "ನಿಮ್ಮೂರಿನ ಸುದ್ದಿ ಬಂದೈತಿ ನೋಡ್ರಿ ಅಕ್ಕೋರ" ಎಂದು ಕರೆಯುತ್ತಾರೆ. ಅವರಿಗೆ ಅದು ಇಂದಿಗೂ 'ನಿಮ್ಮೂರು'. ಇವರು ನಸುಕಿನ ಬೆಳಕಿಗೇ ಎದ್ದು ಗಾಣಕ್ಕೆ ಹೊರಡುತ್ತಾರೆ. ಹಾಲನ್ನು ಒಲೆಯ ಮೇಲಿಡುವ ಮುನ್ನ ನನ್ನ ಕೈ ಇಂದಿಗೂ ಒಂದು ಗಳಿಗೆ ತಡೆಯುತ್ತದೆ. ಕಿವಿ ಸೈರನ್ನಿಗಾಗಿ ಕಾಯುತ್ತದೆ. ಇಲ್ಲಿ ಅದು ಎಂದೂ ಕೂಗಿರಲಿಲ್ಲ. ಅಲ್ಲಿಯೂ ಈಗ ಕೂಗುವುದಿಲ್ಲವೆಂದು ಮುನಿಯಪ್ಪ ಬರೆದಿದ್ದಾರೆ. ಅಷ್ಟು ಹೊತ್ತು ಕಾದು, ಆಮೇಲೆ ನಾನು ಹಾಲನ್ನು ಇಡುತ್ತೇನೆ.